ಕಡಲ ಬದಿಯ ಕೋಣೆಯ ಎರಡು ಮಣೆ

ಮೊನ್ನೆ ಶಿರಾಲಿಯಲ್ಲಿ ಒಂದು ಮನೆಗೆ ನಾಮಕರಣಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕೋಣೆ, ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಹಿಂದಿನ ದಿನದ ಕುಚ್ಚಲಕ್ಕಿ ಅನ್ನದ ವಾಸನೆ ಬಂತು. ಗಾಳಿಯಿಲ್ಲದ ಕೋಣೆಯಲ್ಲಿ ರಾತ್ರಿಯೆಲ್ಲ ಮುಚ್ಚಳವಿಲ್ಲದೆ ಕೂತ ಅನ್ನಕ್ಕೆ ಒಂದು ವಾಸನೆ ಇರುತ್ತದಲ್ಲ, ಅದೇ. ನನ್ನ ಕಾಲು ಅಲ್ಲೇ ನಿಂತಿತು. ಮನೆಯವರು "ಜಾರ್ತದೆ ಅಕ್ಕಾ, ಕಾಣ್ಕಂಡ್ ಹೋಗಿ" ಅಂದರು. ನಾನು ಗೋಡೆ ಹಿಡಿದು ನಿಂತದ್ದು ಜಾರುವ ಭಯಕ್ಕಲ್ಲ.

ನಾನು ಇಲ್ಲಿ ಬರೆಯುವುದನ್ನು ಓದುವವರಿಗೆ ಗೊತ್ತು, ನನಗೆ ದೆವ್ವ ಭೂತದ ಕತೆ ಆಗುವುದಿಲ್ಲ. ಕಳೆದ ವರ್ಷ ಒಬ್ಬಾಕೆ ತನ್ನ ಮನೆಯ ಅಟ್ಟದ ಮೇಲೆ ಯಾರೋ ನಡೆಯುತ್ತಾರೆ ಎಂದು ಬರೆದಾಗ, ಇಲಿ ಔಷಧ ಇಡಮ್ಮ ಎಂದವಳು ನಾನೇ. ಹಾಗಾಗಿ ಇದನ್ನು ಓದಿ ನಗುವವರು ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಗಡಿಯ ಗುಡ್ಡಗಳಲ್ಲಿ ಯುದ್ಧ ನಡೆದ ಆ ಮಳೆಗಾಲ ನಾನು ಹೊಸ ಮದುಮಗಳು. ನನ್ನ ತವರು ಕುಮಟಾ ಹತ್ತಿರದ ಹೊಳನಗದ್ದೆ. ನಮ್ಮದು ಗದ್ದೆ ಮನೆ. ಮದುವೆಯಾಗಿ ಬಂದದ್ದು ಶಿರಾಲಿಯಿಂದ ಕಡಲ ಕಡೆಗೆ ಇಳಿದರೆ ಸಿಗುವ ಒಂದು ದೋಣಿ ಮನೆಗೆ. ಜಾತಿ ಒಂದೇ, ದೇವರೂ ಒಂದೇ, ಆದರೆ ಮಳೆ ಬೇರೆ. ನಮ್ಮಲ್ಲಿ ಮಳೆ ಬಿದ್ದರೆ ಕೆಲಸ ಶುರು. ಅವರಲ್ಲಿ ಮಳೆ ಬಿದ್ದರೆ ದೋಣಿ ಮೇಲಕ್ಕೆಳೆದು, ಬಲೆ ಮಡಚಿ, ಮುಗಿಲು ನೋಡುತ್ತ ಕೂರುವುದು.

ನನ್ನ ಗಂಡ ರಮೇಶ ವಾಯುಪಡೆಯಲ್ಲಿ ಇದ್ದರು. ಪೈಲಟ್ ಅಲ್ಲ. ವಿಮಾನದ ಹೊಟ್ಟೆಯ ಕೆಳಗೆ ಮಲಗಿ ನಟ್ಟು ಬೋಲ್ಟು ತಿರುಗಿಸುವವರು. ಇದನ್ನು ಪಕ್ಕದ ಮನೆಯ ಮಾದೇವಕ್ಕನಿಗೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಮೀನು ಮಾರುವ ಹೆಂಗಸು, ಬಾಯಿಗೆ ಬಾಗಿಲಿಲ್ಲ. ಎಲ್ಲಿ ವಿಮಾನದ ಸದ್ದಾದರೂ ತಲೆಯ ಮೇಲಿನ ಬುಟ್ಟಿ ಹಿಡಿದುಕೊಂಡೇ ಮುಖ ಎತ್ತುತ್ತಿದ್ದಳು.

"ಏ ಸವಿತಾ, ಓಡ್ ಬಾರೆ! ನಿನ್ನ ಗಂಡ ಹೋತಾ ಇದ್ದ ಕಾಣು."

"ಅವ್ರು ಓಡ್ಸೂದಿಲ್ಲ ಮಾದೇವಕ್ಕಾ, ರಿಪೇರಿ ಮಾಡೂದು."

"ಆತು ಮಾರಾಯ್ತಿ. ಹಂಗಾರೆ ರಿಪೇರಿ ಮಾಡೂಕೆ ಹೋತಾ ಇದ್ದ."

ಇವರು ವಾಯುಪಡೆ ಸೇರಿದ್ದಕ್ಕೂ ಒಂದು ಕಾರಣ ಇತ್ತು. ನೀರಿಗೆ ಇಳಿಯುವುದಿಲ್ಲ ಎಂದು ಅವರಿಂದ ಅತ್ತೆ ಚಿಕ್ಕಂದಿನಲ್ಲೇ ಆಣೆ ಹಾಕಿಸಿಕೊಂಡಿದ್ದರು. ಇವರಿಗೆ ಆಗಷ್ಟೇ ನಡೆಯಲು ಬಂದಿದ್ದಾಗ, ಹೊನ್ನಾವರದ ಅಳಿವೆಯಲ್ಲಿ, ಶರಾವತಿ ಕಡಲಿಗೆ ಬೀಳುವ ಆ ಬಾಯಲ್ಲೇ, ಮಾವನ ದೋಣಿ ಮಗುಚಿತ್ತು. ಉಳಿದವರ ಹೆಣ ಸಿಕ್ಕಿದವು. ಮಾವನದು ಸಿಗಲಿಲ್ಲ.

ಇಷ್ಟನ್ನು ಮದುವೆಗೆ ಮೊದಲೇ ಹೇಳಿದ್ದರು. ಹೇಳದೇ ಇದ್ದದ್ದು ಆ ಕೋಣೆಯ ವಿಷಯ.

ಮನೆಯ ಪಡುವಣ ತುದಿಯಲ್ಲಿ, ಕಡಲ ಬದಿಗೆ, ಒಂದು ಕೋಣೆ. ದಿನಾ ದೀಪ ಹಚ್ಚುವ ಹೊತ್ತಿಗೆ ಅತ್ತೆ ಅಲ್ಲಿ ಒಂದು ಮಣೆ ಹಾಕಿ, ಮುಂದೆ ತಟ್ಟೆ ಇಟ್ಟು, ಬಿಸಿ ಅನ್ನ, ಸಾರು, ಇದ್ದರೆ ಮೀನು ಬಡಿಸಿ, ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಬೆಳಿಗ್ಗೆ ಚಿಲಕ ತೆಗೆದು ತಟ್ಟೆ ನೋಡುವುದು. ಅನ್ನ ಬಡಿಸಿದ ಹಾಗೇ ಇರುತ್ತಿತ್ತು, ಮೇಲೆ ತೆಳುವಾಗಿ ಒಣಗಿ. ಅದನ್ನು ಕೋಳಿಗೆ ಹಾಕುವಾಗ ಅತ್ತೆಯ ಮುಖ ನೋಡಬೇಕಿತ್ತು, ಪರೀಕ್ಷೆಯಲ್ಲಿ ಪಾಸಾದವರ ಹಾಗೆ.

"ಕಂಡ್ಯ? ಮುಟ್ಲಿಲ್ಲ. ಎಲ್ಲೋ ಉಂಡ್ಕಂಡಿದ್ರು."

ಅದು ಆ ಮನೆಯ ಪದ್ಧತಿ. ಗಂಡಸು ಕಡಲಿಗೆ ಹೋದರೆ ಅವನು ತಿರುಗಿ ಬರುವ ತನಕ ಅವನ ಮಣೆ ಹಾಕಬೇಕು. ಬೆಳಿಗ್ಗೆ ಅನ್ನ ಹಾಗೇ ಇದ್ದರೆ ಆತ ಎಲ್ಲೋ ಜೀವಂತ ಇದ್ದಾನೆ, ಹೊಟ್ಟೆ ತುಂಬಿದೆ ಎಂದು ಅರ್ಥ. ಮಾವ ತಿರುಗಿ ಬಂದಿರಲಿಲ್ಲ, ಹಾಗಾಗಿ ಮಣೆಯನ್ನೂ ತೆಗೆದಿರಲಿಲ್ಲ. ಅತ್ತೆಯ ಹಣೆಯಲ್ಲಿ ಕಾಸಗಲದ ಕುಂಕುಮ, ಕೈಯಲ್ಲಿ ಹಸಿರು ಗಾಜಿನ ಬಳೆ, ಕೊರಳಲ್ಲಿ ತಾಳಿ.

"ಅನ್ನ ಖಾಲಿ ಆದ್ರೆ ಅತ್ತೆ?" ಎಂದು ನಾನು ಒಮ್ಮೆ ಕೇಳಿದೆ.

"ಅದೆಲ್ಲ ಕೇಳೂಕಾಗ." ಮಾತು ಅಲ್ಲಿಗೆ ಮುಗಿಯಿತು.

ನಮ್ಮ ಹೊಳನಗದ್ದೆಯ ಮನೆಯಲ್ಲಿಯೂ ಹೀಗೆ ಬಡಿಸಿ ಬಾಗಿಲು ಹಾಕುತ್ತಾರೆ. ಆದರೆ ಅದು ಸತ್ತ ಹಿರಿಯರಿಗೆ, ವರ್ಷಕ್ಕೊಂದು ಸಲ. ಹಾಗಾಗಿ ನಾನು ಅತ್ತೆಯದನ್ನು ನೋಡಿಯೂ ನೋಡದ ಹಾಗೆ ಇದ್ದೆ. ಪಾಪ, ಗಂಡ ಸತ್ತದ್ದನ್ನು ಒಪ್ಪಿಕೊಳ್ಳಲಾಗದ ಹೆಂಗಸು, ನನಗೇನು ನಷ್ಟ ಅಂದುಕೊಂಡೆ.

ನಷ್ಟ ಏನೆಂದು ಯುದ್ಧ ಶುರುವಾದ ಮೇಲೆ ಗೊತ್ತಾಯಿತು.

ಮದುವೆಯಾದ ಮೇಲೆ ಇವರು ಸ್ವಲ್ಪವೇ ದಿನ ಇದ್ದು ಹೋಗಿದ್ದರು. ಮಳೆ ಹಿಡಿದ ಮೇಲೆ ಉದ್ದನೆಯ ರಜೆ ಹಾಕಿ ಬರುತ್ತೇನೆ ಎಂದಿದ್ದರು. ಫೋನ್ ಮಾಡುತ್ತಿದ್ದದ್ದು ಶಿರಾಲಿಯ ಹೈವೇ ಬದಿಯ ಒಂದು ಕಿರಾಣಿ ಅಂಗಡಿಗೆ, ಭಾನುವಾರ ಬೆಳಿಗ್ಗೆ. ಅಂಗಡಿಯ ಸಾಹೇಬರು ಭಟ್ಕಳದವರು. ನಾನು ಹೋದೊಡನೆ ಅಕ್ಕಿ ಮೂಟೆಯ ಮೇಲೆ ಪೇಪರ್ ಹಾಸಿ ಕೂರಿಸಿ, ತಾವು ಬಾಗಿಲ ಹೊರಗೆ ಹೋಗಿ ನಿಲ್ಲುತ್ತಿದ್ದರು. ಆ ಭಾನುವಾರ ಫೋನಿನಲ್ಲಿ ಇವರ ದನಿ ಬಾವಿಯೊಳಗಿನಿಂದ ಬಂದ ಹಾಗೆ ಇತ್ತು.

"ಸವಿತಾ, ರಜೆ ಎಲ್ಲಾ ಕ್ಯಾನ್ಸಲ್ ಆಗದೆ."

"ಯಾವಾಗ ಕೊಡ್ತ್ರು ಮತ್ತೆ?"

"ಗೊತ್ತಿಲ್ಲ."

"ನೀವ್ ಎಲ್ಲಿದ್ರಿ ಈಗ?"

"ಕೇಳ್ಬೇಡ. ಆಯಿಗೆ ಹೇಳು, ನಾ ಆರಾಮಿದ್ದೆ ಅಂತ."

ಮನೆಗೆ ಬಂದು ಅತ್ತೆಗೆ ಹಾಗೇ ಹೇಳಿದೆ. ಸಂಜೆ ಅವರು ಅಟ್ಟದಿಂದ ಇನ್ನೊಂದು ಮಣೆ ಇಳಿಸಿ, ತೆಂಗಿನ ನಾರು ಹಾಕಿ ತಿಕ್ಕಿ ತೊಳೆದು, ಆ ಕೋಣೆಯಲ್ಲಿ ಮಾವನ ಮಣೆಯ ಪಕ್ಕಕ್ಕೆ ಹಾಕಿದರು. ಗೋಡೆ ಬದಿಯಲ್ಲಿ ಮಾವನದು. ಬಾಗಿಲ ಬದಿಯಲ್ಲಿ ನನ್ನ ಗಂಡನದು.

ನನಗೆ ಮೈಯೆಲ್ಲ ಉರಿಯಿತು. "ಎಂತ ಮಾಡ್ತ್ರಿ ಅತ್ತೆ? ಸತ್ತವ್ರ ಪಕ್ಕ ನನ್ನ ಗಂಡನ್ನ ಕೂರ್ಸ್ತ್ರ್ಯಾ?"

ಅತ್ತೆ ಸೌಟು ಕೈಯಲ್ಲಿ ಹಿಡಿದೇ ತಿರುಗಿದರು. ಸಿಟ್ಟಿರಲಿಲ್ಲ. ನಿಜವಾಗಿಯೂ ಅರ್ಥವಾಗದವರ ಹಾಗೆ ನನ್ನನ್ನು ನೋಡಿದರು.

"ಯಾರ್ ಹೇಳ್ದ್ರು ನಿಂಗೆ, ಅವ್ರು ಸತ್ತೋರೆ ಅಂತ?"

ಅದಾದ ಮೇಲೆ ಸಂಜೆಯಾಯಿತೆಂದರೆ ನನಗೆ ಆ ತುದಿಗೆ ಹೋಗಲು ಆಗುತ್ತಿರಲಿಲ್ಲ. ಅತ್ತೆ ಮೊದಲೆಲ್ಲ ಸುಮ್ಮನೆ ಬಡಿಸಿ ಬರುತ್ತಿದ್ದವರು ಈಗ ಒಳಗೆ ಕೂತು ಮಾತಾಡಲು ಶುರು ಮಾಡಿದರು. ನಾನು ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡರೂ ಕೇಳುತ್ತಿತ್ತು.

"ಮೀನಿಲ್ಲ ಇವತ್ತು. ಮಳೆ ಕಾಣ್ತಿಲ್ಯಾ? ಒಣ ಸಿಗಡಿ ಚಟ್ನಿ ಅಷ್ಟೇ."

ಸ್ವಲ್ಪ ಸುಮ್ಮನೆ.

"ಹೌದು, ಮಗ ನಿಮ್ಮಂಗೇ. ಸಿಟ್ಟು ಬಂದ್ರೆ ಊಟ ಬಿಡೂದು."

ಮತ್ತೆ ಸುಮ್ಮನೆ.

"ನೀ ನಗಬೇಡ ಮಗಾ. ನಿಂಗೇ ಹೇಳ್ದದ್ದು."

ಮಾತಿನ ನಡುವಿನ ಆ ಮೌನ ಇತ್ತಲ್ಲ, ಅದೇ ನನಗೆ ಆಗುತ್ತಿರಲಿಲ್ಲ. ಎದುರಿನವರು ಉತ್ತರ ಹೇಳಲು ಎಷ್ಟು ಹೊತ್ತು ಬೇಕೋ ಸರಿಯಾಗಿ ಅಷ್ಟೇ ಉದ್ದ.

ಭತ್ತದ ನಟ್ಟಿ ಶುರುವಾಗಿದೆ ಎಂದು ಅಣ್ಣ ಬಂದು ನನ್ನನ್ನು ಹೊಳನಗದ್ದೆಗೆ ಕರೆದುಕೊಂಡು ಹೋದ. ಬೆನ್ನು ಬಗ್ಗಿಸಿ ಸಸಿ ನೆಡುತ್ತ, ಮೊಣಕಾಲ ತನಕ ಕೆಸರಲ್ಲಿ ನಿಂತಾಗ ಜೀವಕ್ಕೆ ಜೀವ ಬಂತು. ಸುತ್ತ ಹೆಂಗಸರು ಪದ ಹೇಳುತ್ತಿದ್ದರು. ನನ್ನ ಹೆತ್ತ ಆಯಿಯ ಪಕ್ಕದ ಸಾಲಿನಲ್ಲಿ ನಿಂತು ಮೆಲ್ಲಗೆ ಎರಡು ಮಣೆಯ ಕತೆ ಹೇಳಿದೆ. ಆಯಿಯ ಕೈಯಲ್ಲಿದ್ದ ಸಸಿಯ ಕಟ್ಟು ನೀರಿಗೆ ಬಿತ್ತು.

"ಬದುಕಿದ್ದೋನಿಗೆ ಎಡೆ ಇಡೂದಾ? ಆ ಹೆಂಗ್ಸಿಗೆ ತಲೆ ಸಮ ಇದ್ಯಾ?"

"ಅಲ್ಲಿ ಹಂಗೇ ಅಂತೆ ಆಯಿ. ಮುಟ್ಟದಿದ್ರೆ ಒಳ್ಳೇದಂತೆ."

"ಮುಟ್ಟೂದು ಸತ್ತೋರು ಮಾತ್ರ. ನೀ ಹೋಗ್ಬೇಡ ಮಗಾ. ಅಳಿಯ ಬಂದು ಕರೀಲಿ, ಆಗ ಹೋಗು."

ನನಗೂ ಹೋಗುವ ಮನಸ್ಸಿರಲಿಲ್ಲ. ಆದರೆ ಫೋನ್ ಇದ್ದದ್ದು ಶಿರಾಲಿಯಲ್ಲಿ. ಶನಿವಾರ ಮಧ್ಯಾಹ್ನ ಕುಮಟಾದಲ್ಲಿ ಬಸ್ ಹತ್ತಿಯೇ ಬಿಟ್ಟೆ. ಹೊನ್ನಾವರದ ಸೇತುವೆ ದಾಟುವಾಗ ಶರಾವತಿ ಕೆಂಪಾಗಿ ಉಕ್ಕಿ ಹರಿಯುತ್ತಿತ್ತು. ನಾನು ಕಣ್ಣು ಮುಚ್ಚಿ ಕೂತೆ.

ಭಾನುವಾರ ಫೋನ್ ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಸಾಹೇಬರು ನಾನು ಕೇಳುವ ಮೊದಲೇ ರಿಸೀವರ್ ಎತ್ತಿ ಕಿವಿಗೆ ಹಿಡಿದು, "ಲೈನ್ ಸರಿ ಇದೆ ತಂಗಿ, ಕೇಳು" ಎಂದು ನನ್ನ ಕೈಗೂ ಕೊಟ್ಟರು. ಅದರಲ್ಲಿ ಉದ್ದಕ್ಕೆ ಗುಯ್ ಎನ್ನುವ ಸದ್ದು. "ಬಂದ್ರೆ ನಾನೇ ಸೈಕಲ್ ಮೇಲೆ ಬರ್ತೇನೆ. ಮಳೆ ಇದ್ರೂ ಬರ್ತೇನೆ." ರೇಡಿಯೋದಲ್ಲಿ ದಿನಾ ಯಾರ‍್ಯಾರದೋ ಹೆಸರು. ಊರು ಹೇಳುವ ತನಕ ಉಸಿರು ಹಿಡಿದು ಕೂರುವುದು, ನಮ್ಮದಲ್ಲ ಎಂದು ಬಿಡುವುದು, ಬಿಟ್ಟದ್ದಕ್ಕೆ ನಾಚಿಕೆಪಡುವುದು. ಮಾದೇವಕ್ಕ ಕೂಡ ಆಕಾಶ ನೋಡುವುದನ್ನು ಬಿಟ್ಟಿದ್ದಳು.

ಆ ಎರಡನೆಯ ಭಾನುವಾರ ಅತ್ತೆಗೆ ಜ್ವರ ಬಂತು. ಏಳಲು ಆಗದೆ ಕಂಬಳಿಯೊಳಗಿನಿಂದಲೇ ನನಗೆ ಹೇಳಿದರು. "ಇವತ್ತು ನೀನೇ ಬಡಿಸು. ಅದಲು ಬದಲು ಮಾಡ್ಬೇಡ. ಗೋಡೆ ಬದಿ ನಿನ್ನ ಮಾವ."

ಬೈದುಕೊಳ್ಳುತ್ತಲೇ ಬಡಿಸಿದೆ. ಅನ್ನ, ಹುಳಿಗೆ ಮುರುಗಲು ಸಿಪ್ಪೆ ಹಾಕಿದ ಒಣಮೀನಿನ ಸಾರು. ಮಾವನ ತಟ್ಟೆ ಹಳೆಯದು, ಅಂಚು ಬಾಗಿತ್ತು. ನನ್ನ ಗಂಡನದು ನಮ್ಮ ಮದುವೆಗೆ ಉಡುಗೊರೆ ಬಂದ ಹೊಸ ಸ್ಟೀಲ್ ತಟ್ಟೆ, ತವರಿನವರ ಹೆಸರು ಕೊರೆದದ್ದು. ಅದಲು ಬದಲು ಮಾಡಬೇಕೆಂದರೂ ಆಗುವಂತಿರಲಿಲ್ಲ. ಒಳಗೊಂದೇ ಕಿಟಕಿ, ಮಳೆಗೆ ಉಬ್ಬಿ ಬಿಗಿದು ತಿಂಗಳಾಗಿತ್ತು. ಹೊರಗೆ ಬಂದು ಚಿಲಕ ಹಾಕಿದೆ, ಹಾಕಿದ ಮೇಲೆ ಒಮ್ಮೆ ಎಳೆದೂ ನೋಡಿದೆ. ಕಮೆಂಟಿನಲ್ಲಿ ಬೆಕ್ಕು ಎಂದು ಬರೆಯಲು ಹೊರಟವರು ಇದನ್ನು ಇನ್ನೊಂದು ಸಲ ಓದಿ.

ಬೆಳಿಗ್ಗೆ ಜ್ವರ ಪೂರ್ತಿ ಇಳಿಯದಿದ್ದರೂ ಅತ್ತೆ ತಾವೇ ಎದ್ದು ಬಂದರು. ನಾನು ಚಿಲಕ ತೆಗೆದೆ.

ಗೋಡೆ ಬದಿಯ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಬಾಗಿಲ ಬದಿಯದು ಖಾಲಿ.

ನೆಕ್ಕಿದ ಹಾಗೆ ಅಲ್ಲ. ಮನುಷ್ಯರು ಉಂಡ ಹಾಗೆ ಖಾಲಿ. ಬೆರಳು ಓಡಿದ ಗೆರೆಗಳು ಸಾರಿನಲ್ಲಿ ಒಣಗಿದ್ದವು. ಮೀನಿನ ಮುಳ್ಳು ಒಂದು ಕಡೆ. ಅಂಚಿನ ಮೇಲೆ ಹಿಂಡಿ ಅಂಟಿಸಿಟ್ಟ ಒಂದು ಮುರುಗಲು ಸಿಪ್ಪೆ. ನನ್ನ ಗಂಡ ಊಟ ಮಾಡುವುದೇ ಹಾಗೆ. ಸಿಪ್ಪೆಯನ್ನು ಹುಳಿ ಹೋಗುವ ತನಕ ಹಿಂಡಿ ತಟ್ಟೆಯ ಅಂಚಿಗೆ ಅಂಟಿಸುತ್ತಾರೆ. ಮದುವೆಯಾದ ಹೊಸದರಲ್ಲಿ ಅದನ್ನು ತೊಳೆಯುವಾಗ ನನಗೆ ನಗು ಬರುತ್ತಿತ್ತು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. "ಅತ್ತೆ, ಇವ್ರದ್ದು..." ಎಂದದ್ದು ಮಾತ್ರ ನೆನಪಿದೆ. ಅತ್ತೆಯ ಕೈ ಬಂದು ನನ್ನ ಬಾಯಿ ಮುಚ್ಚಿತು. ಜ್ವರದ ಕೈ, ಬಿಸಿ ಇತ್ತು.

"ಹೇಳ್ಬೇಡ. ಬಾಯಲ್ಲಿ ತರ್ಬೇಡ."

ನನ್ನನ್ನು ಹಾಗೇ ಗೋಡೆಗೆ ಒತ್ತಿ ಹಿಡಿದು, ಅವರು ತಟ್ಟೆಯನ್ನೇ ಎಷ್ಟೋ ಹೊತ್ತು ನೋಡಿದರು. ಹೊರಗೆ ಕಡಲು ಮೊರೆಯುತ್ತಿತ್ತು. ಆಮೇಲೆ ಬಗ್ಗಿ, ಅಂಚಿನ ಮೇಲಿದ್ದ ಆ ಸಿಪ್ಪೆಯನ್ನು ಎರಡು ಬೆರಳಲ್ಲಿ ಕಿತ್ತು, ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟರು. ಮುಳ್ಳುಗಳನ್ನು ಸೆರಗಿಗೆ ಕಟ್ಟಿಕೊಂಡರು. ಗೋಡೆ ಬದಿಯ ಹಳೆಯ ತಟ್ಟೆಯ ಅನ್ನವನ್ನು ಒಂದು ಅಗುಳೂ ಬಿಡದೆ ಹೊಸ ತಟ್ಟೆಗೆ ಸುರಿದರು. ಈಗ ಖಾಲಿಯಾಗಿ ಕೂತದ್ದು ಮಾವನ ತಟ್ಟೆ.

"ನಿನ್ನ ಮಾವ ಬಂದಿದ್ರು," ಅಂದರು. ನನಗೆ ಹೇಳುವ ಹಾಗಿರಲಿಲ್ಲ. ಕೋಣೆಯಲ್ಲಿ ಇನ್ನೂ ಯಾರೋ ಇದ್ದಾರೆ, ಅವರಿಗೆ ಕೇಳಬೇಕು ಎನ್ನುವ ಹಾಗೆ ದೊಡ್ಡ ದನಿಯಲ್ಲಿ. "ನಿನ್ನ ಮಾವನೇ ಉಂಡದ್ದು. ನಂಗೆ ಗೊತ್ತಿಲ್ವಾ ನನ್ನ ಗಂಡ ಉಂಡ ತಟ್ಟೆ? ಮಗಂದು ಹಾಂಗೇ ಇದೆ, ಕಾಣು. ತುಂಬಿ ಇದೆ."

"ಅತ್ತೆ..."

"ಕಾಣು ಅಂದೆ ಅಲ್ದ!"

ನಾನು ನೋಡಿದೆ. ತುಂಬಿತ್ತು.

ಅಂದು ಸೋಮವಾರ. ಆ ಬೆಳಿಗ್ಗೆಯೇ ಅತ್ತೆ ಮಾದೇವಕ್ಕನನ್ನು ಕರೆದರು. ಆಕೆ ಗಂಡ ಸತ್ತವಳು. ಅಂಥ ಕೆಲಸಕ್ಕೆ ಅಂಥವರೇ ಬೇಕು. "ಅವ್ರು ಹೋದ್ರು ಮಾದೇವಿ. ಹೊನ್ನಾವರಕ್ಕೆ ಹೋಗ್ಬೇಕು," ಅಂದರು ಅತ್ತೆ. ನಾನು ಮಾದೇವಕ್ಕನ ಬಾಯಿಗೆ ಹೆದರಿದ್ದೆ. ಎಷ್ಟೋ ವರ್ಷದ ಹಿಂದೆ ಮುಳುಗಿದವನು ಈಗ ಹೋದನಾ ಎಂದು ನಗುತ್ತಾಳೆ ಅಂದುಕೊಂಡೆ. ಆಕೆ ನಗಲಿಲ್ಲ. ಮೀನಿನ ಬುಟ್ಟಿಯನ್ನು ಕವುಚಿ ಹಾಕಿ, ಕೈ ತೊಳೆದು, ಸೆರಗು ಸರಿ ಮಾಡಿಕೊಂಡಳು.

"ಆತು. ನಡಿ."

ಮೂವರೇ ಬಸ್ಸಿನಲ್ಲಿ ಹೋದೆವು. ಅತ್ತೆ ಕಿಟಕಿಯ ಪಕ್ಕ. ಹಣೆಯ ಕುಂಕುಮವನ್ನು ಅಂದು ಎಂದಿಗಿಂತ ದೊಡ್ಡದಾಗಿ ಇಟ್ಟಿದ್ದರು. ಕಂಡಕ್ಟರ್ "ಎಂತ ಅಮ್ಮ, ಮದ್ವೆಗಾ?" ಎಂದ. "ಹೌದು," ಅಂದರು ಅತ್ತೆ.

ಅಳಿವೆಯ ದಂಡೆಯಲ್ಲಿ ಯಾರೂ ಇರಲಿಲ್ಲ. ದೋಣಿಗಳೆಲ್ಲ ಮೇಲೆ, ತೆಂಗಿನ ಮಡಲಿನ ಕೆಳಗೆ. ಒಂದು ಕಡೆಯಿಂದ ಹೊಳೆಯ ಕೆಂಪು ನೀರು ನುಗ್ಗುತ್ತಿತ್ತು, ಇನ್ನೊಂದು ಕಡೆಯಿಂದ ಕಡಲು ಅದನ್ನು ಹಿಂದಕ್ಕೆ ನೂಕುತ್ತಿತ್ತು. ನಡುವೆ ಬಿಳಿ ನೊರೆಯ ಗೋಡೆ. ಮಾದೇವಕ್ಕ ಒಂದು ಕಲ್ಲು ತಂದಳು. ಅತ್ತೆ ಕೈ ಚಾಚಿದರು. ಬಳೆ ಒಡೆದ ಸದ್ದು ಮಳೆಯಲ್ಲಿ ಕೇಳಲೇ ಇಲ್ಲ, ಹಸಿರು ಚೂರು ಮಾತ್ರ ಮರಳಿಗೆ ಬಿತ್ತು. ಮಾದೇವಕ್ಕ ಅಳುತ್ತಿದ್ದಳು. ಅತ್ತೆ ಅಳಲಿಲ್ಲ. ತಾಳಿಯನ್ನು ತಾವೇ ತೆಗೆದು, ಆ ಮೀನಿನ ಮುಳ್ಳುಗಳ ಜೊತೆ ಸೆರಗಿನ ತುದಿಯಲ್ಲಿ ಹಿಡಿದು, ಸೊಂಟದ ತನಕ ನೀರಿಗೆ ಇಳಿದರು. ನಾನು ಹಿಂದಿನಿಂದ ಸೀರೆ ಹಿಡಿದುಕೊಂಡೆ.

ಆಗ ಅವರು ಮಾವನ ಹೆಸರು ಹಿಡಿದು ಕರೆದರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಬರೆದಾಳು, ಬಾಯಿ ಬಿಟ್ಟು ಹೇಳುವುದಿಲ್ಲ. ಅತ್ತೆಯ ಬಾಯಲ್ಲಿ ಆ ಹೆಸರನ್ನು ನಾನು ಮೊದಲು ಕೇಳಿದ್ದು ಅಂದು. ಕೊನೆಗೆ ಕೇಳಿದ್ದೂ ಅಂದೇ.

"ಜಟ್ಟಪ್ಪಾ! ನಿಂಗೆ ಇನ್ ಊಟ ಇಲ್ಲ. ಒಂದ್ ಮನಿಂದ ಇಬ್ರನ್ನ ಕಾಯೂಕೆ ನನ್ ಹತ್ರ ಆಗುದಿಲ್ಲ. ನಿನ್ ಬಿಟ್ಟೆ. ನೀ ಹೋಗು. ಅಂವನ್ನ ಕಳ್ಸು."

ನೀವು ನಂಬಿ, ಬಿಡಿ. ನೊರೆಯ ಆ ಗೋಡೆ ಒಂದು ಗಳಿಗೆ ಮಲಗಿತು. ಅಲೆ ಎದ್ದಿತು, ಒಡೆಯಲಿಲ್ಲ. ಸದ್ದು ನಿಂತಿತು. ಮಳೆಹನಿ ನೀರಿಗೆ ಬೀಳುವುದು ಕೇಳಿತು. ನನ್ನ ಮುಷ್ಟಿಯಲ್ಲಿದ್ದ ಸೀರೆ ಜಗ್ಗಿತು, ಕಡಲ ಕಡೆಗೆ, ಯಾರೋ ಆ ತುದಿಯನ್ನು ಹಿಡಿದು ನೋಡಿದ ಹಾಗೆ. ಆಮೇಲೆ ಬಿಟ್ಟಿತು. ಅತ್ತೆ ತಿರುಗಿದಾಗ ಸೆರಗಿನ ತುದಿ ಖಾಲಿ ಇತ್ತು. ಮಾದೇವಕ್ಕ ನನ್ನ ಕಿವಿಯಲ್ಲಿ, "ಹಿಂದೆ ಕಾಣ್ಬೇಡ, ನಡಿ" ಅಂದಳು. ನಾನು ನೋಡಲಿಲ್ಲ.

ಮನೆಗೆ ಬಂದು ಅತ್ತೆ ಗೋಡೆ ಬದಿಯ ಮಣೆಯನ್ನು ಒಡೆದು ಒಲೆಗೆ ಹಾಕಿದರು. ಒದ್ದೆ ಕಟ್ಟಿಗೆ ಕೂಡ ಉರಿಯದ ಆ ಮಳೆಯಲ್ಲಿ ಅದು ಭಗ್ಗನೆ ಹತ್ತಿಕೊಂಡಿತು. ಉಳಿದ ಒಂದೇ ಮಣೆಗೆ ಬಡಿಸಿ ಚಿಲಕ ಹಾಕಿದರು. ನಾನು ಆ ರಾತ್ರಿ ಅವರ ಮಗ್ಗುಲಲ್ಲೇ ಮಲಗಿದೆ. ಬೆಳಿಗ್ಗೆ ಅನ್ನ ಹಾಗೇ ಇತ್ತು. ಮರುದಿನವೂ ಹಾಗೇ. ಅತ್ತೆ ಅದನ್ನು ಕೋಳಿಗೆ ಹಾಕುವಾಗ ಮುಖದಲ್ಲಿ ಮೊದಲಿನ ಹೆಮ್ಮೆ ಇರಲಿಲ್ಲ.

ಆ ವಾರದ ಕೊನೆಗೆ ಸಾಹೇಬರ ಸೈಕಲ್ಲು ಗಂಟೆ ಬಾರಿಸುತ್ತ ಅಂಗಳಕ್ಕೆ ಬಂತು. ಅವರು ತಲೆಗೆ ಪ್ಲಾಸ್ಟಿಕ್ ಕಟ್ಟಿಕೊಂಡಿದ್ದರು, ಉಸಿರು ಸಿಗುತ್ತಿರಲಿಲ್ಲ.

"ಲೈನ್ ಕಟ್ಟಾಯ್ತು ತಂಗಿ, ಕರೆಯೋಕಾಗ್ಲಿಲ್ಲ. ಅವನೇ. ನಿಮ್ಮ ರಮೇಶ. ರಜೆ ಸಿಕ್ಕಿದೆ, ಹೊರಟೆ ಅಂದ. ಅಷ್ಟೇ ಅಂದ." ಆಗಷ್ಟೇ ಅವರ ಕಣ್ಣು ಅತ್ತೆಯ ಬೋಳು ಹಣೆಗೆ ಹೋಯಿತು. ಅವರು ತಲೆ ತಗ್ಗಿಸಿ ಸೈಕಲ್ ತಿರುಗಿಸಿದರು.

ಇವರು ಬಂದದ್ದು ಮಧ್ಯಾಹ್ನ, ಜೋರು ಮಳೆಯಲ್ಲಿ. ಮುಖ ಕಪ್ಪಾಗಿ, ಅಂಗಿ ಮೈಗೆ ದೊಡ್ಡದಾಗಿ, ಎಡಗೈಗೆ ಮೊಣಕೈ ತನಕ ಬಿಳಿ ಪಟ್ಟಿ. ಅದು ಹೇಗಾಯಿತು, ಯಾವ ದಿನ ಆಯಿತು ಎಂದು ನಾನು ಕೇಳಿಲ್ಲ. ಈಗಲೂ ಆ ಗುರುತು ಎದುರಿಗೇ ಇರುತ್ತದೆ, ಈಗಲೂ ಕೇಳಿಲ್ಲ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಅವರ ಹಿಂದೆ. ಇವರು ಅಂಗಳದಲ್ಲಿ ನಗುತ್ತ ಬಂದವರು, ಮೆಟ್ಟಿಲ ಹತ್ತಿರ ನಿಂತುಬಿಟ್ಟರು. ಅಮ್ಮನ ಹಣೆ ನೋಡಿದರು. ಕೈ ನೋಡಿದರು. ಹೆಗಲಿನ ಚೀಲ ಜಾರಿ ಕೆಸರಿಗೆ ಬಿತ್ತು.

"ಆಯಿ... ಎಂತ ಇದು? ಯಾರ್ ಹೋದ್ರು?"

"ನಿನ್ನ ಅಪ್ಪ."

ಇವರ ಬಾಯಿ ಅರ್ಧ ತೆರೆದೇ ಇತ್ತು. ಮಳೆನೀರು ಮುಖದ ಮೇಲೆ ಇಳಿಯುತ್ತಿತ್ತು. ತೀರ ಸಣ್ಣ ಮಕ್ಕಳು ಕೇಳುವ ಹಾಗೆ ಕೇಳಿದರು.

"ಯಾವಾಗ?"

"ಸೋಮವಾರ," ಅಂದರು ಅತ್ತೆ.

ಇವರು ನನ್ನ ಮುಖ ನೋಡಿದರು.

"ಹೌದು," ಅಂದೆ ನಾನು. "ಸೋಮವಾರ."